ಅಗ್ಗದ ಆಮದು ಟೈರ್: ಬೆಲೆ ಕೇಳುವ ಮೊದಲು ಪಕ್ಕದ ಅಕ್ಷರ ಓದಿ

ಸಂಪಾದಕರಿಗೆ,

ಮಾನ್ಯರೇ,

ಹೊರದೇಶದಿಂದ ಬರುವ ಅಗ್ಗದ ಕಾರ್ ಟೈರ್ ಕೊಳ್ಳಬಹುದೇ ಎಂದು ಯಾರಾದರೂ ಕೇಳಿದರೆ ಸಿಗುವ ಉತ್ತರ ಎರಡೇ ಬಗೆ. ಒಬ್ಬರು ‘ಅದನ್ನು ಮುಟ್ಟಲೇಬೇಡಿ, ಜೀವಕ್ಕೇ ಅಪಾಯ’ ಎನ್ನುತ್ತಾರೆ. ಇನ್ನೊಬ್ಬರು ‘ಎಲ್ಲವೂ ಕಪ್ಪು ರಬ್ಬರೇ, ಹೆಸರಿಗೆ ಯಾಕೆ ದುಡ್ಡು ಸುರಿಯುತ್ತೀರಿ’ ಎನ್ನುತ್ತಾರೆ. ದಿನವೂ ಟೈರ್ ಬಿಚ್ಚಿ ಹಾಕುವವರಿಗೆ ಇವೆರಡೂ ಉಪಯೋಗಕ್ಕೆ ಬಾರದ ಮಾತುಗಳು. ಆಮದು ಅನ್ನುವುದರಿಂದ ಟೈರಿನ ಗುಣ ತಿಳಿಯುವುದಿಲ್ಲ. ದೊಡ್ಡ ಹೆಸರಿನ ಕಂಪನಿಗಳೂ ಚೀನಾದಲ್ಲಿ ಕಾರ್ಖಾನೆ ನಡೆಸುತ್ತವೆ. ಅಗ್ಗ ಅನ್ನುವುದರಿಂದ ಸ್ವಲ್ಪ ತಿಳಿಯುತ್ತದೆ, ಆದರೆ ಎಲ್ಲಿ ಉಳಿಸಿ ಅಗ್ಗ ಮಾಡಿದ್ದಾರೆ ಅನ್ನುವುದು ಗೊತ್ತಾದರೆ ಮಾತ್ರ.

ಬೆಲೆ ಇಳಿಕೆಯ ಒಂದು ಪಾಲಿನಿಂದ ಗ್ರಾಹಕನಿಗೇನೂ ನಷ್ಟವಿಲ್ಲ. ಜಾಹೀರಾತು ಇಲ್ಲ, ರೇಸ್ ಪ್ರಾಯೋಜಕತ್ವ ಇಲ್ಲ, ಹೊಸ ಕಾರಿನ ಕಂಪನಿಗಳ ಜೊತೆ ಸೇರಿ ವರ್ಷಗಟ್ಟಲೆ ಪರೀಕ್ಷೆ ಮಾಡುವ ಖರ್ಚಿಲ್ಲ. ಟ್ರೆಡ್, ಅಂದರೆ ರಸ್ತೆಗೆ ತಾಗುವ ಗೆರೆಗಳಿರುವ ಮೈ, ಅದರ ವಿನ್ಯಾಸವನ್ನು ಹೆಸರಾಂತ ಟೈರಿನ ಹಳೆಯ ಮಾದರಿ ನೋಡಿ ಮಾಡಿಕೊಂಡರೆ ಆ ಖರ್ಚೂ ತಪ್ಪಿತು. ಹಾಗಾಗಿ ಗೆರೆಗಳು ಒಂದೇ ಥರ ಕಾಣುತ್ತವೆ ಎಂದು ಮೋಸಹೋಗಬಾರದು. ಗೆರೆಯನ್ನು ಯಾರು ಬೇಕಾದರೂ ನಕಲು ಮಾಡಬಹುದು, ರಬ್ಬರ್ ಮಿಶ್ರಣವನ್ನು ನಕಲು ಮಾಡುವುದು ಕಷ್ಟ.

ಆ ಮಿಶ್ರಣದಲ್ಲೇ ಮುಖ್ಯ ವ್ಯತ್ಯಾಸ ಇರುವುದು. ಒಳ್ಳೆಯ ಕಾರ್ ಟೈರಿನ ಟ್ರೆಡ್‌ನಲ್ಲಿ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಪುಡಿಯ ಜೊತೆಗೆ ಸಾಕಷ್ಟು ಸಿಲಿಕಾ ಎಂಬ ಬಿಳಿ ಪುಡಿ ಇರುತ್ತದೆ. ಒದ್ದೆ ರಸ್ತೆಯಲ್ಲಿ ಹಿಡಿತ ಹೆಚ್ಚಾಗುವುದು, ಉರುಳುವಾಗಿನ ಪ್ರತಿರೋಧ ಕಡಿಮೆಯಾಗುವುದು ಎರಡೂ ಅದರಿಂದ ಸಾಧ್ಯ. ಆದರೆ ಸಿಲಿಕಾ ರಬ್ಬರಿನೊಡನೆ ತಾನಾಗಿ ಬೆಸೆಯುವುದಿಲ್ಲ, ಸಿಲೇನ್ ಎಂಬ ದುಬಾರಿ ರಾಸಾಯನಿಕ ಬೇಕು. ಮಿಕ್ಸರಿನ ಬಿಸಿಯನ್ನೂ ಬಿಗಿಯಾಗಿ ಕಾಯ್ದುಕೊಳ್ಳಬೇಕು. ಬಿಸಿ ಸಾಲದಿದ್ದರೆ ಬೆಸುಗೆ ಆಗುವುದಿಲ್ಲ, ಹೆಚ್ಚಾದರೆ ಮಿಶ್ರಣ ಅಲ್ಲೇ ಗಟ್ಟಿಯಾಗತೊಡಗುತ್ತದೆ. ಇಷ್ಟೆಲ್ಲ ಮಾಡುವ ಬದಲು ಕಾರ್ಬನ್ ಬ್ಲ್ಯಾಕ್ ಹೆಚ್ಚು ಹಾಕಿ ಗಡುಸು ರಬ್ಬರ್ ಮಾಡಿದರೆ ಕೆಲಸ ಸುಲಭ, ಟೈರ್ ಬೇಗ ಸವೆಯುವುದೂ ಇಲ್ಲ. ಒಣ ರಸ್ತೆಯಲ್ಲಿ ಓಡಿಸಿದವರು ‘ಏನೂ ತೊಂದರೆಯಿಲ್ಲ’ ಎಂದೇ ಹೇಳುತ್ತಾರೆ, ಅವರ ಮಾತೂ ನಿಜವೇ. ಕೊರತೆ ಗೊತ್ತಾಗುವುದು ಮಳೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ.

ಅದು ಎಷ್ಟರ ಮಟ್ಟಿನ ಕೊರತೆ? ಯುರೋಪಿನ ಟೈರ್ ಲೇಬಲ್‌ನಲ್ಲಿ ಒದ್ದೆ ಹಿಡಿತಕ್ಕೆ ಎ ಇಂದ ಇ ವರೆಗೆ ದರ್ಜೆ ಇದೆ. ಗಂಟೆಗೆ 80 ಕಿ.ಮೀ. ವೇಗದಿಂದ ಬ್ರೇಕ್ ಹಾಕಿದರೆ ಒಂದು ದರ್ಜೆಗೂ ಮುಂದಿನದಕ್ಕೂ ಸಾಮಾನ್ಯವಾಗಿ 3ರಿಂದ 6 ಮೀಟರ್ ಅಂತರ. ಒಂದು ಟೈರ್ 35 ಮೀಟರಿನಲ್ಲಿ ನಿಲ್ಲಿಸುತ್ತದೆ, ಇನ್ನೊಂದು 42 ಮೀಟರ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಏಳು ಮೀಟರ್ ತಾನೇ ಅನ್ನಿಸಬಹುದು. ಆದರೆ ಮೊದಲನೆಯ ಕಾರು ಪೂರ್ತಿ ನಿಂತ ಜಾಗವನ್ನು ಎರಡನೆಯದು ದಾಟುವಾಗ ಅದರ ವೇಗ ಇನ್ನೂ ಗಂಟೆಗೆ ಸುಮಾರು 33 ಕಿ.ಮೀ. ಇರುತ್ತದೆ. ನಿಲ್ಲುವ ದೂರ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ವೇಗದ ದೊಡ್ಡ ಪಾಲು ಕಡಿಮೆಯಾಗುವುದು ಕೊನೆಯ ಕೆಲವು ಮೀಟರುಗಳಲ್ಲಿ. ಎದುರಿಗೆ ಲಾರಿಯ ಹಿಂಭಾಗವೋ ರಸ್ತೆ ದಾಟುವ ಮನುಷ್ಯನೋ ಇದ್ದರೆ ಆ 33 ಕಿ.ಮೀ. ಸಣ್ಣದಲ್ಲ.

ಎರಡನೆಯ ಉಳಿತಾಯ ನಡೆಯುವುದು ಹೊರಗೆ ಕಾಣದ ಪದರಗಳಲ್ಲಿ. ಟ್ರೆಡ್ ಕೆಳಗೆ ಎರಡು ಉಕ್ಕಿನ ಬೆಲ್ಟ್‌ಗಳಿರುತ್ತವೆ. ಅವುಗಳ ಮೇಲೆ ಸುತ್ತಲೂ ನೈಲಾನ್ ಪದರ ಹೊದಿಸಿದ್ದರೆ ವೇಗದಲ್ಲಿ, ಬಿಸಿಯಲ್ಲಿ ಬೆಲ್ಟಿನ ಅಂಚು ಎದ್ದೇಳದಂತೆ ಅದು ಬಿಗಿಹಿಡಿಯುತ್ತದೆ. ಇದನ್ನು ತಿಳಿಯಲು ಟೈರ್ ಕೊಯ್ಯಬೇಕಿಲ್ಲ. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಮೈ, ಅದರ ಮೇಲೆ ಸಣ್ಣ ಅಕ್ಷರದಲ್ಲಿ ‘ಟ್ರೆಡ್: 2 ಸ್ಟೀಲ್ + 1 ಪಾಲಿಯೆಸ್ಟರ್ + 1 ನೈಲಾನ್’ ಎಂಬಂಥ ಸಾಲು ಇರುತ್ತದೆ. ಹೆದ್ದಾರಿಯಲ್ಲಿ ಓಡಿಸುವವರು ಆ ಸಾಲಿನಲ್ಲಿ ನೈಲಾನ್ ಅಥವಾ ಪಾಲಿಅಮೈಡ್ (ಅದೂ ನೈಲಾನ್ ಜಾತಿಯದೇ) ಇಲ್ಲದ ಟೈರನ್ನು ಬಿಡುವುದೇ ಲೇಸು. ಗಾಳಿ ಸೋರದಂತೆ ಒಳಮೈಗೆ ಹಚ್ಚುವ ಹ್ಯಾಲೊಬ್ಯುಟೈಲ್ ಎಂಬ ರಬ್ಬರಿನ ಪದರವೂ ಹಾಗೆಯೇ. ಅದರಲ್ಲಿ ಸಾಧಾರಣ ರಬ್ಬರ್ ಬೆರೆಸಿದರೆ ಅಥವಾ ಪದರ ತೆಳುವಾದರೆ ಗಾಳಿ ಬೇಗ ಸೋರುತ್ತದೆ. ತಿಂಗಳಿಗೆ 1–2 ಪಿಎಸ್‌ಐ ಇಳಿಯುವುದು ಸಹಜ. ಪಂಕ್ಚರ್ ಇಲ್ಲದೆ, ವಾಲ್ವ್ ಸರಿಯಿದ್ದೂ ಅದಕ್ಕಿಂತ ತುಂಬಾ ಹೆಚ್ಚು ಇಳಿಯುತ್ತಿದ್ದರೆ ಈ ಪದರದ ಮೇಲೆ ಅನುಮಾನಪಡಬೇಕು. ಓಝೋನ್ ತಡೆಯುವ ಮೇಣ ಮತ್ತು ರಾಸಾಯನಿಕ ಕಡಿಮೆ ಹಾಕಿದ ಟೈರಿನ ಸೈಡ್‌ವಾಲ್‌ನಲ್ಲಿ ಕೂದಲೆಳೆಯಂಥ ಬಿರುಕು ಬೇಗ ಕಾಣಿಸಿಕೊಳ್ಳುತ್ತದೆ, ಅದರಲ್ಲೂ ಹೆಚ್ಚಾಗಿ ನಿಂತೇ ಇರುವ ಕಾರುಗಳಲ್ಲಿ.

ಹೆಸರಾಂತ ಬ್ರ್ಯಾಂಡ್ ಕೊಂಡರೆ ಇದ್ಯಾವ ಚಿಂತೆಯೂ ಇಲ್ಲವೇ? ಹಾಗೂ ಹೇಳಲಾಗದು. 2000ದ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ 65 ಲಕ್ಷ ಟೈರ್‌ಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಕಾರಣ, ಟ್ರೆಡ್ ಕಿತ್ತು ಬರುತ್ತಿದ್ದುದು. 2007ರಲ್ಲಿ ಅದೇ ದೇಶದಲ್ಲಿ ಚೀನಾದಿಂದ ಬಂದ ಲಘು ಟ್ರಕ್ ಟೈರ್‌ಗಳ ಸರದಿ. ಉಕ್ಕಿನ ಬೆಲ್ಟ್‌ಗಳ ಅಂಚಿನ ನಡುವೆ ಇರಬೇಕಾದ ಗಮ್ ಸ್ಟ್ರಿಪ್ ಎಂಬ ತೆಳು ರಬ್ಬರ್ ಪಟ್ಟಿ ಕೆಲವದರಲ್ಲಿ ಇರಲೇ ಇಲ್ಲ, ಕೆಲವದರಲ್ಲಿ ಸಾಲದಷ್ಟಿತ್ತು ಎಂಬುದು ಅಲ್ಲಿ ಎದ್ದ ದೂರು. ಎರಡು ಪ್ರಕರಣಗಳಲ್ಲೂ ಅಪಾಯ ಒಂದೇ. ಆದರೆ ಗ್ರಾಹಕನಿಗೆ ವ್ಯತ್ಯಾಸ ಇನ್ನೊಂದು ಕಡೆ ಇದೆ. ದೊಡ್ಡ ತಯಾರಕ ತಪ್ಪು ಮಾಡಿದಾಗ ಟೈರ್ ವಾಪಸ್ ತೆಗೆದುಕೊಳ್ಳುವವರು ಇರುತ್ತಾರೆ. ಅಗ್ಗದ ಆಮದು ಟೈರಿನ ವಿಷಯದಲ್ಲಿ ಆ ಹೊಣೆ ತರಿಸಿದವರ ಮೇಲೆ ಬೀಳುತ್ತದೆ. ಅವರು ಅಂಗಡಿ ಮುಚ್ಚಿದರೆ ವಾರಂಟಿ ಕಾರ್ಡ್ ಬರೀ ಕಾಗದ. ಅದಕ್ಕೇ ಕೊಳ್ಳುವಾಗ ಟೈರಿನ ಸರಣಿ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು, ಆಮದುದಾರ ಯಾರೆಂದು ಕೇಳಬೇಕು.

ಇನ್ನು ಅಂಗಡಿಯಲ್ಲಿ ನೋಡಬೇಕಾದ್ದು. ಟೈರ್ ರಿಮ್‌ಗೆ ಏರುವ ಮೊದಲೇ ನೋಡಿ, ಏರಿದ ಮೇಲೆ ಒಳಬದಿ ಕಾಣುವುದಿಲ್ಲ, ವಾಪಸೂ ತೆಗೆದುಕೊಳ್ಳುವುದಿಲ್ಲ.

ಮೊದಲು ವೃತ್ತದೊಳಗಿನ ‘ಇ’ ಗುರುತು ಮತ್ತು ಅದರ ಪಕ್ಕದ ಉದ್ದ ಸಂಖ್ಯೆ ಹುಡುಕಿ. ಸಂಖ್ಯೆಯ ಕೊನೆಗೆ ‘ಎಸ್2 ಡಬ್ಲ್ಯು ಆರ್2’ ಎಂಬಂತೆ ಅಕ್ಷರಗಳಿರುತ್ತವೆ. ಎಸ್ ಎಂದರೆ ಸದ್ದು, ಡಬ್ಲ್ಯು ಎಂದರೆ ಒದ್ದೆ ಹಿಡಿತ, ಆರ್ ಎಂದರೆ ಉರುಳು ಪ್ರತಿರೋಧ. ಮೂರೂ ವಿಶ್ವಸಂಸ್ಥೆಯ 117ನೇ ವಾಹನ ನಿಯಮದ ಪರೀಕ್ಷೆಗಳು. ಡಬ್ಲ್ಯು ಇಲ್ಲದಿದ್ದರೆ ಆ ಟೈರ್ ಆ ನಿಯಮದ ಒದ್ದೆ ಹಿಡಿತದ ಪರೀಕ್ಷೆ ಪಾಸು ಮಾಡಿದ್ದಕ್ಕೆ ಗುರುತಿಲ್ಲ ಎಂದರ್ಥ. ನಮ್ಮ ಮಟ್ಟಿಗೆ ಅಲ್ಲಿಗೇ ಮಾತು ಮುಗಿಯಿತು, ಬೆಲೆ ಎಷ್ಟೇ ಇಳಿದರೂ ಬೇಡ. ಡಬ್ಲ್ಯು ಇದ್ದರೆ ಕನಿಷ್ಠ ಮಟ್ಟ ದಾಟಿದೆ ಅಷ್ಟೇ. ಎಷ್ಟು ದಾಟಿದೆ ಎಂದು ತಿಳಿಯಲು ಯುರೋಪಿನ ಲೇಬಲ್ ದರ್ಜೆ ನೋಡಬೇಕು. 2021ರ ಮೇ ತಿಂಗಳಿಂದ ಆ ಲೇಬಲ್ ಮೇಲೆ ಕ್ಯೂಆರ್ ಕೋಡ್ ಇರುತ್ತದೆ, ವಿವರ ‘ಇಪ್ರೆಲ್’ ಎಂಬ ಸಾರ್ವಜನಿಕ ದತ್ತಾಂಶದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಒಂದೇ ಮಾದರಿಯ ಟೈರಿಗೂ ಅಳತೆಯಿಂದ ಅಳತೆಗೆ ದರ್ಜೆ ಬದಲಾಗುವುದುಂಟು, ಆದ್ದರಿಂದ ನಿಮ್ಮ ಅಳತೆಯದ್ದನ್ನೇ ನೋಡಿ. ಒದ್ದೆ ಹಿಡಿತ ಎ ಅಥವಾ ಬಿ ಇದ್ದ ಅಗ್ಗದ ಟೈರ್ ಸಿಕ್ಕರೆ ಧೈರ್ಯವಾಗಿ ಕೊಳ್ಳಬಹುದು. ಅಂಥವೂ ಇವೆ.

ಅಮೆರಿಕದ ‘ಟ್ರೆಡ್‌ವೇರ್ 400, ಟ್ರ್ಯಾಕ್ಷನ್ ಎ’ ಎಂಬ ಬರಹವನ್ನು ಅಂಗಡಿಯವರು ಬಹಳ ತೋರಿಸುತ್ತಾರೆ. ಟ್ರೆಡ್‌ವೇರ್ ಎಂಬ ಬಾಳಿಕೆಯ ಸಂಖ್ಯೆಯನ್ನು ತಯಾರಕರೇ ಕೊಟ್ಟುಕೊಳ್ಳುವುದು. ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಅದು ಸಾಕು, ಎರಡು ಕಂಪನಿಗಳ ನಡುವೆ ಹೋಲಿಸಲು ಸಾಲದು. ಟ್ರ್ಯಾಕ್ಷನ್ ದರ್ಜೆ ಒದ್ದೆ ನೆಲದಲ್ಲಿ ನೇರವಾಗಿ ಜಾರುವ ಚಕ್ರದ ಹಿಡಿತವನ್ನಷ್ಟೇ ಅಳೆಯುತ್ತದೆ, ತಿರುವಿನ ಹಿಡಿತವನ್ನಲ್ಲ. ಉಗುರಿನಿಂದ ಒತ್ತಿ ಮೆದು-ಗಡುಸು ಹೇಳುವುದು, ಹೊಸ ಟೈರಿನ ಮೈಮೇಲಿನ ರಬ್ಬರ್ ಕೂದಲು ನೋಡಿ ‘ಫ್ರೆಶ್ ಮಾಲು’ ಅನ್ನುವುದು, ಇವನ್ನೆಲ್ಲ ಪಕ್ಕಕ್ಕಿಡಿ. ಆ ಕೂದಲು ಅಚ್ಚಿನಿಂದ ಗಾಳಿ ಹೊರಹೋಗುವ ತೂತಿನ ಗುರುತು, ಇನ್ನೇನೂ ಅಲ್ಲ.

ವಯಸ್ಸಿಗೆ ಟೈರಿನ ಪಕ್ಕದಲ್ಲಿ ‘ಡಿಓಟಿ’ ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಪೂರ್ತಿ ಸಂಖ್ಯೆ ಹಲವು ಟೈರ್‌ಗಳಲ್ಲಿ ಒಂದೇ ಬದಿಯಲ್ಲಿರುತ್ತದೆ, ಎರಡೂ ಬದಿ ತಿರುಗಿಸಿ ನೋಡಬೇಕು. ಎರಡು ವರ್ಷ ದಾಟಿದ್ದರೆ ಚೌಕಾಸಿ ಮಾಡಿ, ಐದಾಗಿದ್ದರೆ ಬಿಟ್ಟುಬಿಡಿ. ಜೊತೆಗೆ ಬೀಡ್, ಅಂದರೆ ರಿಮ್ ಮೇಲೆ ಕೂರುವ ತಂತಿಯ ಅಂಚು, ಪೂರ್ತಿ ದುಂಡಗಿದೆಯೇ ಎಂದು ಕೈಯಾಡಿಸಿ ನೋಡಿ. ಹಡಗಿನ ಬಾಡಿಗೆ ಉಳಿಸಲು ಟೈರ್‌ಗಳನ್ನು ಒಂದರೊಳಗೊಂದು ತುರುಕಿ ಸಾಗಿಸುವುದುಂಟು. ಹಾಗೆ ಬಂದ ಟೈರಿನ ಬೀಡ್ ಒಂದು ಕಡೆ ಮುರಿದಂತೆ ಬಾಗಿರುತ್ತದೆ, ಒಳಮೈಯಲ್ಲಿ ಮಡಿಕೆಯ ಗೆರೆ ಕಾಣುತ್ತದೆ. ಅದನ್ನು ಹಾಕಿಸಬಾರದು.

ಅಳತೆ ಒಂದೇ ಇದ್ದರೂ ಹೊರೆಯ ಸಂಖ್ಯೆ ಬೇರೆ ಇರಬಹುದು. 205/55 ಆರ್16 91ವಿ ಎಂಬುದರಲ್ಲಿ 91 ಎಂದರೆ ಟೈರ್ ಒಂದಕ್ಕೆ 615 ಕೆ.ಜಿ., ವಿ ಎಂದರೆ ಗಂಟೆಗೆ 240 ಕಿ.ಮೀ. ವರೆಗೆ. ಹೊರೆಯ ಸಂಖ್ಯೆ ಕಾರಿನ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಗಾಳಿ ತುಂಬಿಸಲು ಚಾಲಕನ ಬಾಗಿಲ ಬಳಿಯ ಚೀಟಿ ನೋಡಿ. ಟೈರ್ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ.

ಹಾಕಿಸುವಾಗ ಅಗ್ಗದ ಟೈರಿನ ನಿಜರೂಪ ಚಕ್ರದ ತೂಕ ಸಮ ಮಾಡುವ ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಗೊತ್ತಾಗುತ್ತದೆ. ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರ ಜಾಗ, ವಾಲ್ವ್ ಪಕ್ಕ ಬರಬೇಕು. ಒಂದು ಚಕ್ರ 60–70 ಗ್ರಾಂಗಿಂತ ಹೆಚ್ಚು ತೂಕ ಕೇಳಿದರೆ ಸೀಸ ಅಂಟಿಸುತ್ತಾ ಹೋಗಬೇಡಿ. ಗಾಳಿ ಬಿಟ್ಟು ಟೈರನ್ನು ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿಸಿ. ಆಮೇಲೆ ಯಂತ್ರದ ಮೇಲೆ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಟ್ರೆಡ್ ಹತ್ತಿರ ಪೆನ್ಸಿಲ್ ತುದಿಯನ್ನು ಅಲುಗದಂತೆ ಹಿಡಿಯಿರಿ. ಟ್ರೆಡ್ ಮತ್ತು ತುದಿಯ ನಡುವಿನ ಸಂದು ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಏರಿಳಿದರೆ, ರಿಮ್ ನೇರವಿದ್ದು ಬೀಡ್ ಸರಿಯಾಗಿ ಕೂತಿದ್ದರೆ, ಆ ಟೈರ್ ದುಂಡಗಿಲ್ಲ. ತೂಕ ಸರಿಯಾಗಿ ಕೂತರೂ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಅಲೈನ್‌ಮೆಂಟ್ ಸರಿಯಿದ್ದೂ ಕಾರು ಒಂದೇ ಕಡೆಗೆ ಎಳೆಯುತ್ತಿದ್ದರೆ ಮುಂದಿನ ಎರಡು ಚಕ್ರ ಅದಲುಬದಲು ಮಾಡಿ (ಒಂದೇ ದಿಕ್ಕಿಗೆ ಉರುಳಬೇಕಾದ ಬಾಣದ ಗುರುತಿಲ್ಲದಿದ್ದರೆ ಮಾತ್ರ). ಎಳೆತವೂ ಆಚೆ ಕಡೆಗೆ ಬದಲಾದರೆ ತಪ್ಪು ಟೈರಿನದು, ಮತ್ತೆ ಅಲೈನ್‌ಮೆಂಟ್‌ಗೆ ದುಡ್ಡು ಕೊಡಬೇಕಿಲ್ಲ.

ಲೆಕ್ಕಾಚಾರದ ಮಾತು. ಒಳ್ಳೆಯ ಟೈರಿಗೆ 100 ಪಾಲು, ಅಗ್ಗದ್ದಕ್ಕೆ 60 ಪಾಲು, ಪ್ರತಿ ಸಲ ಹಾಕಿಸಿ ಬ್ಯಾಲೆನ್ಸ್ ಮಾಡಿಸಲು 8 ಪಾಲು ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಮೊದಲನೆಯದು 50,000 ಕಿ.ಮೀ. ಓಡಿದರೆ ಪ್ರತಿ 10,000 ಕಿ.ಮೀ.ಗೆ 21.6 ಪಾಲು. ಎರಡನೆಯದು 28,000 ಓಡಿದರೆ 24.3, ಅಂದರೆ ಅಗ್ಗದ್ದೇ ದುಬಾರಿ. ಅದೇ 40,000 ಓಡಿದರೆ 17ಕ್ಕೆ ಇಳಿಯುತ್ತದೆ, ಅಗ್ಗದ್ದೇ ಗೆದ್ದಿತು. ಆದರೆ ಅಷ್ಟು ಕಡಿಮೆ ಬೆಲೆಗೆ ಅಷ್ಟು ಬಾಳುವ ರಬ್ಬರ್ ಗಡುಸೇ ಇರುವ ಸಾಧ್ಯತೆ ಹೆಚ್ಚು, ಮತ್ತೆ ಮಳೆಯ ಪ್ರಶ್ನೆಗೇ ಬಂದು ನಿಲ್ಲುತ್ತೇವೆ. ಉರುಳು ಪ್ರತಿರೋಧ ಶೇ 10ರಷ್ಟು ಹೆಚ್ಚಾದರೆ ಇಂಧನ ಶೇ 1ರಿಂದ 2ರಷ್ಟು ಹೆಚ್ಚು ಹೋಗುತ್ತದೆ, ಅದನ್ನೂ ಸೇರಿಸಿಕೊಳ್ಳಿ.

ಸಣ್ಣ ಕಾರು, ಪೇಟೆಯೊಳಗಿನ ನಿಧಾನ ಓಡಾಟ, ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್: ಇಂಥವರು ಡಬ್ಲ್ಯು ಗುರುತಿನ, ಹೊಸ ತಾರೀಕಿನ ಅಗ್ಗದ ಟೈರ್ ಹಾಕಿಸಿಕೊಂಡರೆ ತಪ್ಪಿಲ್ಲ. ಅವರ ಟೈರ್ ಸವೆಯುವುದಕ್ಕಿಂತ ಮೊದಲು ಮುಪ್ಪಾಗುತ್ತದೆ, ಬಾಳಿಕೆಗೆ ದುಡ್ಡು ಕೊಟ್ಟೂ ಲಾಭವಿಲ್ಲ. ತುಂಬಿದ ಕಾರಿನಲ್ಲಿ ಹೆದ್ದಾರಿ ಹಿಡಿಯುವವರು, ಮಳೆಯಲ್ಲಿ ಘಾಟಿ ಇಳಿಯುವವರು ಬರೀ ಡಬ್ಲ್ಯು ಗುರುತು ನೋಡಿ ಕೊಳ್ಳಬಾರದು. ‘ಇಂಪೋರ್ಟೆಡ್’ ಹೆಸರಿನಲ್ಲಿ ಬರುವ ಬಳಸಿದ ಟೈರ್ ಯಾರಿಗೂ ಬೇಡ. ಸವೆದ ಗೆರೆಗಳನ್ನು ಮತ್ತೆ ಕೊರೆದು ಕಪ್ಪು ಬಳಿದಿರುತ್ತಾರೆ, ಒಳಗಿನ ಪ್ಯಾಚ್ ರಿಮ್ ಮೇಲೇರಿದರೆ ಕಾಣುವುದಿಲ್ಲ.

ತಮ್ಮ ವಾಹನ ಪುಟದಲ್ಲಿ ಟೈರ್ ಬಗ್ಗೆ ಬರೆಯುವಾಗ ಬೆಲೆಯ ಪಕ್ಕದಲ್ಲಿ ಒದ್ದೆ ಹಿಡಿತದ ದರ್ಜೆಯನ್ನೂ ಅಚ್ಚು ಹಾಕಿ ಎಂದು ಕೋರಿಕೆ. ಓದುಗರು ಆ ಅಕ್ಷರ ಕೇಳತೊಡಗಿದರೆ ಅಂಗಡಿಯವರೂ ಅದನ್ನು ನೋಡಿ ಮಾಲು ತರಿಸುತ್ತಾರೆ.

ಕೊನೆಯದಾಗಿ, ನಾಲ್ಕಕ್ಕೂ ಒಳ್ಳೆಯ ಟೈರ್ ಹಾಕಿಸಲು ಕೈಯಲ್ಲಿ ದುಡ್ಡಿಲ್ಲದಿದ್ದರೆ ನಾಲ್ಕು ಅಗ್ಗದ್ದು ತರುವ ಬದಲು ಎರಡು ಒಳ್ಳೆಯದನ್ನು ತಂದು ಹಿಂದಿನ ಚಕ್ರಗಳಿಗೆ ಹಾಕಿಸಿ. ಉಳಿದ ಹಳೆಯ ಎರಡರಲ್ಲಿ 3 ಮಿ.ಮೀ.ಗಿಂತ ಹೆಚ್ಚು ಟ್ರೆಡ್ ಇರಬೇಕು. ಮುಂದಿನ ಹಿಡಿತ ತಪ್ಪಿದರೆ ಕಾರು ನೇರ ಜಾರುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಹೆಚ್ಚಿನ ಸಲ ಹತೋಟಿಗೆ ಬರುತ್ತದೆ. ಹಿಂದಿನದು ತಪ್ಪಿದರೆ ಕಾರು ಗಿರಕಿ ಹೊಡೆಯುತ್ತದೆ, ಆಗ ಸಾಮಾನ್ಯ ಚಾಲಕನಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಇಂತಿ,
ಟೈರ್ ವೃತ್ತಿಯಲ್ಲಿರುವ ಓದುಗರು