ಅಗ್ಗದ ವೇಗದ ಕಾರು ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೆ,

ಕೆಲಸಕ್ಕೆ ಸೇರಿದ ಕೂಡಲೇ ಚುರುಕಾದ ಕಾರೊಂದನ್ನು ಕೊಳ್ಳಬೇಕೆಂಬ ಯುವಜನರ ಆಸೆ ತಪ್ಪಲ್ಲ. 2013ರಲ್ಲಿ ಭಾರತಕ್ಕೆ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, 1.2 ಲೀಟರಿನ ಸಣ್ಣ ಟರ್ಬೊ ಎಂಜಿನ್ನಿನಿಂದ 105 ಅಶ್ವಶಕ್ತಿ ನೀಡುತ್ತಿತ್ತು. 2022ರಲ್ಲಿ ಪೋಲೊ ತಯಾರಿಕೆ ಇಲ್ಲಿ ನಿಂತದ್ದರಿಂದ ಅದನ್ನು ಬಯಸುವವರಿಗೆ ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯೊಂದೇ ದಾರಿ.

ಆದರೆ ಅದರ ತಾನಾಗಿಯೇ ಗೇರ್ ಬದಲಿಸುವ ಏಳು ಗೇರಿನ ಡಿಎಸ್‌ಜಿ ವ್ಯವಸ್ಥೆಯಲ್ಲಿರುವ ಎರಡು ಒಣ (ತಂಪಾಗಿಸುವ ಎಣ್ಣೆಯಿಲ್ಲದ) ಕ್ಲಚ್‌ಗಳು ಬೆಂಗಳೂರಿನಂಥ ನಿಂತು ನಿಂತು ಸಾಗುವ ಸಂಚಾರದಲ್ಲಿ ಬೇಗ ಬಿಸಿಯಾಗಿ ಸವೆಯುತ್ತವೆ; ಗೇರ್‌ಬಾಕ್ಸನ್ನು ನಿಯಂತ್ರಿಸುವ ಮೆಕಟ್ರಾನಿಕ್ ಘಟಕ ಕೆಟ್ಟರಂತೂ ದುರಸ್ತಿಯ ಖರ್ಚು ಲಕ್ಷ ರೂಪಾಯಿ ದಾಟಬಹುದು. ನನ್ನ ತಂಗಿಯ ಮಗ ಕೊಂಡ ಇಂಥ ಕಾರಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಂತ್ರಾಂಶವನ್ನು ಶಕ್ತಿ ಹೆಚ್ಚಿಸಲೆಂದು ಹಿಂದಿನ ಮಾಲೀಕರು ಬದಲಿಸಿದ್ದರೆಂಬುದು, ಮೂರು ತಿಂಗಳ ಬಳಿಕ ಕ್ಲಚ್ ಜಾರತೊಡಗಿದಾಗಷ್ಟೇ ತಿಳಿಯಿತು. ಮಾರಿದ ಮಧ್ಯವರ್ತಿ ಈ ಸಂಗತಿಯನ್ನು ಮುಚ್ಚಿಟ್ಟಿದ್ದು ಅಕ್ಷಮ್ಯ. ಹೀಗೆ ಮಾರ್ಪಡಿಸಿದ್ದನ್ನು ತಿಳಿಸದಿದ್ದರೆ ಅಪಘಾತದ ವೇಳೆ ವಿಮಾ ಪರಿಹಾರಕ್ಕೂ ತೊಡಕಾಗುತ್ತದೆ.

ಆದ್ದರಿಂದ ಮುಂಗಡ ಕೊಡುವ ಮೊದಲೇ ಸರ್ವೀಸ್ ದಾಖಲೆಗಳನ್ನು ನೋಡಬೇಕು; ಪರಿಚಿತ ಮೆಕ್ಯಾನಿಕ್‌ನಿಂದ ಸ್ಕ್ಯಾನರ್ ಹಾಕಿಸಿ ಪರೀಕ್ಷಿಸಬೇಕು. ದೆಹಲಿಯಿಂದ ಬರುವ ಅಗ್ಗದ ಕಾರಿಗೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಮರುನೋಂದಣಿ ಹಾಗೂ ಕರ್ನಾಟಕದ ಜೀವಿತಾವಧಿ ತೆರಿಗೆ ಸೇರಿದರೆ ಉಳಿತಾಯ ಬಹುಪಾಲು ಕರಗುತ್ತದೆ. ನನ್ನ ಮಟ್ಟಿಗೆ, ಮೊದಲ ಕಾರಿಗೆ ಮ್ಯಾನುವಲ್ ಗೇರ್ ಇರುವ, ಯಾವ ಮಾರ್ಪಾಡೂ ಆಗದ, ಒಬ್ಬರೇ ಮಾಲೀಕರ ಕೈಯಲ್ಲಿದ್ದ ಗಾಡಿಯೇ ಲೇಸು. ಬಜೆಟ್ಟಿನ ಒಂದು ಭಾಗವನ್ನು ಹೊಸ ಟೈರು, ಬ್ರೇಕುಗಳಿಗೆಂದೇ ಎತ್ತಿಡಬೇಕು.

— ಓದುಗ, ಮೈಸೂರು