ತೊರೆಯ ಪಕ್ಕದ 160 ಎಕರೆ

ಪ್ರಿಯ ಗೆಳತಿ,

ನಿಮ್ಮ ಕಾದಂಬರಿಯ ಹಸ್ತಪ್ರತಿ ಓದಿ ಮುಗಿಸಿದೆ. 1886ರ ಅಮೆರಿಕದ ವಯೋಮಿಂಗ್, ದನಗಳ ರ‍್ಯಾಂಚ್, ತಂದೆಯನ್ನು ಕಳೆದುಕೊಂಡ ಒಂಟಿ ಹೆಣ್ಣು, ಕೆಲಸ ಕೇಳಿಕೊಂಡು ಬಂದ ಕೌಬಾಯ್: ಸಾಮಗ್ರಿಗೇನೂ ಕೊರತೆಯಿಲ್ಲ. ಆದರೆ ಹತ್ತು ಅಧ್ಯಾಯ ಕಳೆದರೂ ಒಂದು ಕರುವಿಗೂ ಕಾದ ಕಬ್ಬಿಣದಿಂದ ಒಡೆಯರ ಮುದ್ರೆ ಬಿದ್ದಿಲ್ಲ. ನಿಮ್ಮ ನಾಯಕ ತಿಂಗಳಿಗೆ ಮೂವತ್ತು ನಲವತ್ತು ಡಾಲರಿನ ಆಳು. ಬೆಳದಿಂಗಳಲ್ಲಿ ಗಿಟಾರ್ ನುಡಿಸಲು ಅವನಿಗೆ ಇಷ್ಟೊಂದು ಬಿಡುವು ಎಲ್ಲಿಂದ ಬಂತು?

ಇಬ್ಬರ ನಡುವೆ ಅಡ್ಡಿ ಬೇಕೆಂದು ಷಿಕಾಗೊದಿಂದ ಒಬ್ಬ ಸಿರಿವಂತನನ್ನು ಕರೆಸಿದ್ದೀರಿ. ಅವನನ್ನು ಬಂದ ರೈಲಿನಲ್ಲೇ ವಾಪಸು ಕಳುಹಿಸಿ. ಅಡ್ಡಿ ನೆಲದಲ್ಲೇ ಇದೆ. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ 21 ತುಂಬಿದ ಅವಿವಾಹಿತೆ ತನ್ನ ಹೆಸರಿನಲ್ಲೇ 160 ಎಕರೆ ಸರ್ಕಾರಿ ಜಮೀನಿಗೆ ಅರ್ಜಿ ಹಾಕಬಹುದಿತ್ತು. ಗಂಡನೊಂದಿಗೆ ಬಾಳುವ ಹೆಂಡತಿಗೆ ಆ ಅವಕಾಶವಿರಲಿಲ್ಲ. ಆ ಒಣಸೀಮೆಯಲ್ಲಿ ದನ ಸಾಕಲು ಅಷ್ಟು ನೆಲ ಏನೇನೂ ಸಾಲದು, ನಿಜ. ಆದರೆ ಅದರೊಳಗೆ ತೊರೆ ಹರಿಯುತ್ತಿದ್ದರೆ? ನೀರು ಯಾರ ಕೈಯಲ್ಲಿದೆಯೋ ಸುತ್ತಲಿನ ಸರ್ಕಾರಿ ಹುಲ್ಲುಗಾವಲೂ ಹೆಚ್ಚುಕಡಿಮೆ ಅವರದೇ. ಈಗ ನಾಯಕಿ ಅರ್ಜಿ ಹಾಕಲು ಹೊರಡುವ ಹಿಂದಿನ ವಾರ ನಾಯಕ ಮದುವೆಯ ಮಾತೆತ್ತಲಿ. ಅವನಿಗೆ ಬೇಕಾದದ್ದು ತಾನೋ ತೊರೆಯೋ ಎಂದು ಅವಳು ಒದ್ದಾಡಲಿ, ಓದುಗರೂ ಒದ್ದಾಡಲಿ. ಅವಳು ಉತ್ತರ ಕೊಡದೆ ಅರ್ಜಿ ಹಾಕಿ ಬರಲಿ.

ವಸಂತದ ರೌಂಡಪ್ಪನ್ನು, ಅಂದರೆ ಬಯಲಿನ ದನಗಳನ್ನೆಲ್ಲ ಒಂದೆಡೆ ಕೂಡಿಸುವ ಕೆಲಸವನ್ನು, ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಲ್ಲ, ನನ್ನ ಹೊಟ್ಟೆ ಉರಿದದ್ದು ಅಲ್ಲೇ. ಬೇಲಿಯಿಲ್ಲದ ಬಯಲಿನಲ್ಲಿ ಹಲವು ಒಡೆಯರ ದನಗಳು ಬೆರೆತುಹೋಗಿರುತ್ತವೆ. ಕರು ಯಾವ ಹಸುವಿನ ಹಿಂದೆ ಓಡುತ್ತದೆಯೋ ಆ ಹಸುವಿನ ಮುದ್ರೆಯೇ ಅದಕ್ಕೂ. ಸವಾರ ಅದರ ಹಿಂಗಾಲಿಗೆ ಹಗ್ಗ ಬೀಸಿ, ಬೆಂಕಿಯ ಬಳಿಗೆ ಎಳೆತಂದು, ತಾಯಿಯ ಮುದ್ರೆಯನ್ನು ಕೂಗಿ ಹೇಳುತ್ತಾನೆ. ಇನ್ನೊಬ್ಬರು ಲೆಕ್ಕದ ಪುಸ್ತಕದಲ್ಲಿ ಗೀಟು ಹಾಕುತ್ತಾರೆ. ಕಬ್ಬಿಣ ಅತಿಯಾಗಿ ಕಾದರೆ ಗುರುತು ಹರಡಿಹೋಗುತ್ತದೆ, ಸಾಲದಿದ್ದರೆ ಬರೀ ಕೂದಲು ಸುಡುತ್ತದೆ. ಸಣ್ಣ ರ‍್ಯಾಂಚು ತಾನೇ, ಆ ಪುಸ್ತಕವನ್ನು ನಾಯಕಿಯ ಕೈಗೆ ಕೊಡಿ. ನೆರೆಯವನ ಕರುವೊಂದಕ್ಕೆ ನಾಯಕ ಅವಳ ಮುದ್ರೆಯನ್ನು ಕೂಗಲಿ. ತಾಯಿಹಸುವನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ಗೀಟು ಹಾಕುತ್ತಾಳೋ ಇಲ್ಲವೋ? ಹುಡುಗಾಟದ ಮಾತಲ್ಲ ಇದು. ದನಗಳ್ಳತನದ ಆರೋಪ ಹೊರಿಸಿಯೇ 1892ರಲ್ಲಿ ದೊಡ್ಡ ರ‍್ಯಾಂಚಿನವರು ವಯೋಮಿಂಗಿನ ಜಾನ್ಸನ್ ಕೌಂಟಿಗೆ ಬಾಡಿಗೆ ಬಂದೂಕುಗಳನ್ನು ಕರೆತಂದರು.

ಇನ್ನು ಚಳಿಗಾಲ. ನಿಮ್ಮ ಪ್ರೇಮಿಗಳು 1887ರ ಜನವರಿಯಲ್ಲಿ ಹಿಮದುಂಡೆ ಎಸೆದು ಆಡುತ್ತಾರೆ! ಹಿಂದಿನ ಬೇಸಿಗೆಯ ಬರಕ್ಕೆ ಹುಲ್ಲು ಸೊರಗಿತ್ತು. ಆ ಚಳಿಗಾಲದ ಹಿಮಗಾಳಿಗೆ ಉತ್ತರದ ಬಯಲುಗಳಲ್ಲಿ ಲಕ್ಷಗಟ್ಟಲೆ ದನಗಳು ಸತ್ತವು. ಬೇರೆ ವರ್ಷ ಆರಿಸಿಕೊಳ್ಳಬಹುದು. ನಾನಾದರೆ ಇದನ್ನೇ ಇಟ್ಟುಕೊಳ್ಳುತ್ತೇನೆ. ಹಿಮ ಕರಗಿದಾಗ ಅವಳ ಬಳಿ ತೊರೆಯಿದೆ, ನೀರು ಕುಡಿಯಲು ದನವಿಲ್ಲ, ಆಳಿಗೆ ಕೊಡಲು ಸಂಬಳವೂ ಇಲ್ಲ. ನಾಯಕ ಮದುವೆಯ ಮಾತನ್ನು ಎರಡನೆಯ ಸಲ ಎತ್ತಬೇಕಾದದ್ದು ಆಗ.

ಕೊನೆಯ ಪುಟದ ಚರ್ಚಿನ ಗಂಟೆಯನ್ನು ತೆಗೆದುಬಿಡಿ. ಹತ್ತಿರದ ಚರ್ಚಿಗೆ ಎರಡು ದಿನದ ಪ್ರಯಾಣವೆಂದು ನಾಲ್ಕನೆಯ ಅಧ್ಯಾಯದಲ್ಲಿ ಬರೆದವರು ನೀವೇ.

ನಿಮ್ಮ ಹಿತೈಷಿ