ಬಿಲ್ಲು ಯಾರ ಹೆಸರಿಗೆ ಹಾಕಲಿ? ಗ್ರಾಮೀಣಾಭಿವೃದ್ಧಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ,

ನಮಸ್ಕಾರ. ನಾನು ಬೆಂಗಳೂರಿನ ಎಸ್‌ಜೆಪಿ ರೋಡಿನಲ್ಲಿ ಬೋರ್‌ವೆಲ್ ಮೋಟಾರು, ಸ್ಟಾರ್ಟರ್, ಕೇಬಲ್ ಮಾರುವ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಬೇಸಿಗೆ ಬಂತೆಂದರೆ ನಮ್ಮ ಕೌಂಟರ್ ಮುಂದೆ ಹಳ್ಳಿಯವರೇ ಜಾಸ್ತಿ. ಕೋಲಾರದ ಕಡೆಯವರು, ಮಾಗಡಿಯವರು, ಕನಕಪುರದವರು. ಸುಟ್ಟ ಸ್ಟಾರ್ಟರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬೆಳಗಿನ ಮೊದಲ ಬಸ್ಸಿಗೇ ಬಂದಿರುತ್ತಾರೆ.

ಕಳೆದ ಬೇಸಿಗೆಯಲ್ಲಿ ಇಬ್ಬರು ಬಂದರು. ಒಬ್ಬರು ಪಂಚಾಯ್ತಿ ಮೆಂಬರ್, ಇನ್ನೊಬ್ಬರು ಊರಿಗೆ ನೀರು ಬಿಡುವ ವಾಟರ್‌ಮನ್. ಕಂಟ್ರಾಕ್ಟರ್ ಕಟ್ಟಿದ ಊರಿನ ನೀರಿನ ವ್ಯವಸ್ಥೆಯನ್ನು ಪಂಚಾಯ್ತಿಗೆ ಹಸ್ತಾಂತರಿಸುವ ಕೆಲಸ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲೇ ಮೋಟಾರಿನ ಪ್ಯಾನಲ್ ಬೋರ್ಡ್ ಸುಟ್ಟು ಕರಕಲಾಗಿತ್ತು. ಹೊಸದು ಆರಿಸಿದ್ದಾಯ್ತು, ರೇಟು ಕುದುರಿಸಿದ್ದಾಯ್ತು. ಆಮೇಲೆ ನಾನು ಎಲ್ಲರಿಗೂ ಕೇಳುವ ಮಾತು ಕೇಳಿದೆ: ‘ಬಿಲ್ಲು ಯಾರ ಹೆಸರಿಗೆ ಹಾಕಲಿ?’

ಇಬ್ಬರೂ ಮುಖ ಮುಖ ನೋಡಿಕೊಂಡರು. ಮೆಂಬರ್ ಹೇಳಿದರು: ‘ಕಂಟ್ರಾಕ್ಟರ್ ಹೆಸರಿಗೆ ಹಾಕಿದ್ರೆ, ಹಸ್ತಾಂತರ ಆಗೋಯ್ತು, ನನಗೆ ಸಂಬಂಧ ಇಲ್ಲ ಅಂತಾನೆ. ಪಂಚಾಯ್ತಿ ಹೆಸರಿಗೆ ಹಾಕಿದ್ರೆ, ನಾವಿನ್ನೂ ಸಹಿನೇ ಹಾಕಿಲ್ವಲ್ಲ, ಹೇಗೆ ಪಾಸ್ ಮಾಡೋದು ಅಂತಾರೆ ಪಿಡಿಓ.’ ವಾಟರ್‌ಮನ್ ಏನೂ ಮಾತಾಡದೆ ಒಳಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಹತ್ತು, ಇಪ್ಪತ್ತರ ನೋಟುಗಳು. ಮನೆಮನೆ ಸುತ್ತಿ ಎತ್ತಿದ ದುಡ್ಡು. ಎಣಿಸಲು ಕಾಲು ಗಂಟೆ ಹಿಡಿಯಿತು. ‘ನನ್ನ ಹೆಸರೇ ಬರ್ಕೊಳ್ಳಪ್ಪ’ ಅಂದರು. ಬರೆದುಕೊಟ್ಟೆ. ಆ ಬೋರ್ಡಿನ ವಾರಂಟಿ ಈಗ ವಾಟರ್‌ಮನ್ ಹೆಸರಿನಲ್ಲಿದೆ. ಆ ಊರಿನ ನೀರಿನ ವ್ಯವಸ್ಥೆಗೆ ಕಾಗದದ ಮೇಲೆ ಯಾರಾದರೂ ಮಾಲೀಕರು ಇದ್ದರೆ, ಸದ್ಯಕ್ಕೆ ಅವರೊಬ್ಬರೇ.

ಇದು ಹೀಗಿರಬೇಕಿಲ್ಲ, ಅಲ್ವಾ? 1993ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯಲ್ಲಿ ಪಂಚಾಯ್ತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅದರಲ್ಲಿ 11ನೆಯದೇ ಕುಡಿಯುವ ನೀರು. ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡಲು 2019ರಲ್ಲಿ ಶುರುವಾದ ಕೇಂದ್ರದ ಜಲಜೀವನ್ ಮಿಷನ್ ಕೂಡ, ಊರೊಳಗಿನ ಪೈಪು, ಟ್ಯಾಂಕು, ನಲ್ಲಿಗಳನ್ನು ಪಂಚಾಯ್ತಿ ಇಲ್ಲವೇ ಅದರ ನೀರು ಸಮಿತಿಯೇ ನಡೆಸಬೇಕು ಅನ್ನುತ್ತದೆ. ನಮ್ಮ ರಾಜ್ಯಕ್ಕೆ ಇದನ್ನು ದಿಲ್ಲಿಯವರು ಹೇಳಿಕೊಡಬೇಕಾಗಿಯೂ ಇರಲಿಲ್ಲ. 80ರ ದಶಕದಲ್ಲಿ ನಿಮ್ಮ ಇದೇ ಖಾತೆ ನೋಡಿಕೊಂಡ ಅಬ್ದುಲ್ ನಜೀರ್ ಸಾಬರು ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡರು. ನೀರಿನ ಜೊತೆಗೆ ಅಧಿಕಾರವನ್ನೂ ಕೆಳಗಿಳಿಸಿದರು. 1987ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಚುನಾವಣೆ ನಮ್ಮ ಅಪ್ಪನಿಗೆ ಇನ್ನೂ ನೆನಪಿದೆ.

ಕಾನೂನು ಸರಿಯಾಗಿದೆ. ಹಸ್ತಾಂತರದ ದಿನವೇ ಸರಿ ಇಲ್ಲ.

ಆ ಮೆಂಬರ್ ಮೊಬೈಲಿನಲ್ಲಿ ಹಸ್ತಾಂತರ ಪತ್ರದ ಫೋಟೊ ತೋರಿಸಿದರು. ಒಂದೇ ಹಾಳೆ. ಬೋರ್‌ವೆಲ್ ಒಂದು, ಓವರ್‌ಹೆಡ್ ಟ್ಯಾಂಕ್ ಒಂದು, ಪೈಪು ಇಷ್ಟು ಮೀಟರ್, ನಲ್ಲಿ ಇಷ್ಟು. ಬೋರ್‌ವೆಲ್ ಇರುವ ಜಾಗ ಯಾರದ್ದು ಅಂತ ಅದರಲ್ಲಿಲ್ಲ. ಒಬ್ಬ ರೈತರು ಬಾಯಿಮಾತಲ್ಲಿ ಬಿಟ್ಟುಕೊಟ್ಟ ಜಾಗವಂತೆ. ನಾಳೆ ಅವರ ಮಕ್ಕಳು ಪಾಲಾದಾಗ ಗೇಟಿಗೆ ಬೀಗ ಹಾಕಿದರೆ? ಕರೆಂಟ್ ಮೀಟರಿನ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನ ಖಾತೆ ಸಂಖ್ಯೆ) ಇಲ್ಲ. ಮೋಟಾರಿನ ಬಿಲ್ಲಿಲ್ಲ. ಪೈಪಿನ ನಕ್ಷೆ ಇಲ್ಲ. ಮೇಲಿನ ಕೇರಿಗೆ ನೀರು ಏರುತ್ತಿರಲಿಲ್ಲ, ಅಗೆದ ಕಾಂಕ್ರೀಟ್ ರಸ್ತೆ ಮುಚ್ಚಿರಲಿಲ್ಲ. ಕಂಟ್ರಾಕ್ಟರ್ ಕಡೆಯ ಹುಡುಗ ಮಾತ್ರ ‘ಸೈನ್ ಹಾಕ್ಬಿಡಿ ಸಾರ್, ಆಮೇಲೆ ನೋಡ್ಕೊಳ್ಳೋಣ’ ಅಂತಿದ್ದನಂತೆ.

ನಕ್ಷೆ ಇಲ್ಲದಿದ್ದರೆ ಏನಾಗುತ್ತದೆ ಅಂತ ಬೆಂಗಳೂರಿನವರನ್ನು ಕೇಳಿ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಲ್ಲಿ ನಮ್ಮದೂ ಒಂದು. ಈ ಹಳ್ಳಿಗಳಿಗೆಂದೇ ಮಾಡಿದ ಕಾವೇರಿ 5ನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ 17 ವರ್ಷ ಬಹಳಷ್ಟು ಕಡೆ ಹಳೇ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರೇ ಗತಿ. ನಮ್ಮ ಬೀದಿಯ ನೀರಿನ ಗೇಟ್‌ವಾಲ್ವ್ ಎಲ್ಲಿ ಹೂತಿದೆ ಅಂತ ಗೊತ್ತಿದ್ದದ್ದು ಪಂಚಾಯ್ತಿ ಕಾಲದ ಒಬ್ಬ ವಾಟರ್‌ಮನ್‌ಗೆ. ಅವರು ತೀರಿಕೊಂಡ ಮೇಲೆ ಅದನ್ನು ಹುಡುಕಲು ರಸ್ತೆಯನ್ನು ಮೂರು ಕಡೆ ಅಗೆಯಬೇಕಾಯ್ತು.

ದುಡ್ಡಿನ ಮಾತೂ ಇದೆ. ಜಲಜೀವನ್ ಮಿಷನ್ ಲೆಕ್ಕದಂತೆ ತಲೆಗೆ ದಿನಕ್ಕೆ 55 ಲೀಟರ್ ಅಂದರೆ ಸಾವಿರ ಜನರ ಊರಿಗೆ 55,000 ಲೀಟರ್. 10 ಎಚ್‌ಪಿ ಮೋಟಾರು ಗಂಟೆಗೆ ಸುಮಾರು ಏಳೂವರೆ ಯೂನಿಟ್ ಕುಡಿಯುತ್ತದೆ. ದಿನಕ್ಕೆ 5 ಗಂಟೆ ಓಡಿದರೆ ತಿಂಗಳಿಗೆ 1,100 ಯೂನಿಟ್ ದಾಟುತ್ತದೆ. ಅದರ ಮೇಲೆ ವಾಟರ್‌ಮನ್ ಸಂಬಳ, ಬ್ಲೀಚಿಂಗ್ ಪುಡಿ, ಒಡೆದ ಪೈಪು. ಸಾವಿರ ಅಡಿ ಬೋರಿನಿಂದ ಮೋಟಾರು ಮೇಲೆತ್ತಿ, ರೀವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವಷ್ಟರಲ್ಲಿ ಆ ತಿಂಗಳ ನೀರಿನ ಕರವೆಲ್ಲ ಅಲ್ಲೇ ಕರಗಿರುತ್ತದೆ. 15ನೇ ಹಣಕಾಸು ಆಯೋಗ ಪಂಚಾಯ್ತಿಗಳಿಗೆ ಕೊಡುವ ಅನುದಾನದಲ್ಲಿ ಶೇ 60ನ್ನು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟಿತ್ತು, ನಿಜ. ಆದರೆ ಅದೇ ದುಡ್ಡಿಗೆ ಚರಂಡಿಯೂ ಕಾಯುತ್ತಿರುತ್ತದೆ, ಕಸವೂ ಕಾಯುತ್ತಿರುತ್ತದೆ.

ಪಂಚಾಯ್ತಿಗಳೇನೂ ಸಾಚಾ ಅಲ್ಲ ಸ್ವಾಮಿ. ನೀರಿನ ಕರ ಕೇಳಿದರೆ ಓಟು ಹೋಗುತ್ತದೆ ಅಂತ ಮೆಂಬರುಗಳೇ ಸುಮ್ನೆ ಇರುತ್ತಾರೆ. ನಲ್ಲಿಗೆ ಮೋಟಾರು ಸಿಕ್ಕಿಸಿ ನೀರೆಳೆಯುವವರ ಮನೆಗೆ ಹೋಗಿ ಕೇಳುವ ಧೈರ್ಯ ಯಾರಿಗೂ ಇಲ್ಲ. (ಆ ಅರ್ಧ ಎಚ್‌ಪಿ ಮೋಟಾರುಗಳನ್ನು ಮಾರುವವರೂ ನಾವೇ, ಒಪ್ಪಿಕೊಳ್ಳುತ್ತೇನೆ.) ಹಾಗಂತ ವ್ಯವಸ್ಥೆಯನ್ನು ಇಲಾಖೆಯ ಕೈಯಲ್ಲೇ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ರಾತ್ರಿ ಹತ್ತಕ್ಕೆ ಪೈಪು ಒಡೆದರೆ ಓಡಿಬರುವುದು ವಾಟರ್‌ಮನ್, ತಾಲ್ಲೂಕು ಕಚೇರಿಯಲ್ಲ. ಹಲವು ಊರಿಗೆ ಒಟ್ಟಿಗೆ ನೀರು ಕೊಡುವ ಬಹುಗ್ರಾಮ ಯೋಜನೆಗಳ ಕಥೆ ಬೇರೆ, ಅಷ್ಟು ಭಾರ ಒಂದು ಪಂಚಾಯ್ತಿಗೆ ಆಗದು. ಒಂದೇ ಊರಿನ ಬೋರ್‌ವೆಲ್, ಟ್ಯಾಂಕು ಮಾತ್ರ ಊರಿನದೇ ಆಗಬೇಕು.

ನಿಮ್ಮಲ್ಲಿ ಕೇಳುವುದಿಷ್ಟು. ಹಸ್ತಾಂತರವನ್ನು ಕಚೇರಿ ಮೇಜಿನ ಮೇಲೆ ಮಾಡಿಸಬೇಡಿ, ಗ್ರಾಮಸಭೆಯಲ್ಲಿ ಮಾಡಿಸಿ. ಅವತ್ತು ಊರಿನ ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಲಿ. ಮೇಲಿನ ಕೇರಿಯ ಕೊನೇ ಮನೆಯಲ್ಲಿ ಬಿಂದಿಗೆ ತುಂಬಲಿ. ವಾಟರ್‌ಮನ್ ಮುಂದೆ ನಡೆದು ಒಂದೊಂದೇ ವಾಲ್ವ್ ತೋರಿಸಲಿ, ಎಂಜಿನಿಯರ್ ಗುರುತು ಹಾಕಿಕೊಳ್ಳಲಿ, ಆ ನಕ್ಷೆಯನ್ನು ಪಂಚಾಯ್ತಿ ಗೋಡೆಯ ಮೇಲೆ ಬರೆಸಿ. ಜಾಗದ ಪತ್ರ, ಆರ್‌ಆರ್ ನಂಬರ್, ಮೋಟಾರಿನ ಬಿಲ್ಲು ಪಂಚಾಯ್ತಿ ಹೆಸರಿಗೆ ಬರುವ ತನಕ ಸಹಿ ಕೇಳಬೇಡಿ. ‘ಇನ್ನೂ ಸರಿ ಇಲ್ಲ, ತಗೊಳ್ಳಲ್ಲ’ ಅಂತ ಪಂಚಾಯ್ತಿ ಹೇಳಿದರೆ ಅದಕ್ಕೂ ಬೆಲೆ ಇರಲಿ. ಸಹಿ ಆದ ಮೇಲೂ ಒಂದು ಬೇಸಿಗೆ ಕಳೆಯುವವರೆಗೆ ಕಂಟ್ರಾಕ್ಟರ್ ಠೇವಣಿಯನ್ನು ಹಿಡಿದಿಡಿ. ಮುಖ್ಯವಾಗಿ ಒಂದು ತಾರೀಖು ಗೊತ್ತಿರಲಿ. ಅದಕ್ಕೆ ಹಿಂದಿನ ದಿನ ಸುಟ್ಟರೆ ಬಿಲ್ಲು ಕಂಟ್ರಾಕ್ಟರಿಗೆ, ಮಾರನೇ ದಿನ ಸುಟ್ಟರೆ ಪಂಚಾಯ್ತಿಗೆ.

ಆ ವಾಟರ್‌ಮನ್ ಬಿಲ್ಲಿನ ಕಾರ್ಬನ್ ಪ್ರತಿ ನನ್ನ ಹತ್ತಿರ ಇದೆ. ಹೆಸರು ಮುಚ್ಚಿ ತೋರಿಸುತ್ತೇನೆ. ನಮ್ಮ ಅಂಗಡಿಯಿಂದ ವಿಧಾನಸೌಧ ದೂರವೇನಿಲ್ಲ. ಭಾನುವಾರ ನನಗೆ ರಜೆ, ನಿಮಗೂ ರಜೆ. ಬೇರೆ ದಿನ ಹೇಳಿ ಕಳಿಸಿದರೆ ಮಾಲೀಕರನ್ನು ಕೇಳಿ ಅರ್ಧ ದಿನ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಎಸ್‌ಜೆಪಿ ರೋಡಿನ ಒಬ್ಬ ಅಂಗಡಿ ಕೆಲಸಗಾರ,
ಬೆಂಗಳೂರು